ಬೆವರು ಮೈಯದು, ವಾಸನೆ ಬಟ್ಟೆಯದು!

ಬೆಳಿಗ್ಗೆ ಮಿಂದು, ಒಗೆದ ಅಂಗಿ ತೊಟ್ಟು ಶಾಲೆಗೆ ಹೋದ ಹುಡುಗನನ್ನು ಮಧ್ಯಾಹ್ನದ ಹೊತ್ತಿಗೆ ಗೆಳೆಯರು 'ನಾರುತ್ತೀ' ಎಂದು ಹಂಗಿಸುತ್ತಾರೆ. ಮನೆಯಲ್ಲೂ 'ಸರಿಯಾಗಿ ಮೀಯಲಿಲ್ಲವಾ?' ಎಂಬ ಗದರಿಕೆ. ಪಾಪ, ತಪ್ಪು ಅವನದಲ್ಲದಿರಬಹುದು, ಅಂಗಿಯದಿರಬಹುದು.

ಆಗತಾನೇ ಬಂದ ಬೆವರಿಗೆ ಅಷ್ಟೇನೂ ವಾಸನೆಯಿಲ್ಲ. ಕಂಕುಳಿನ ಬೆವರಿನಲ್ಲಿರುವ ಅಂಶಗಳನ್ನು ಚರ್ಮದ ಬ್ಯಾಕ್ಟೀರಿಯಾಗಳು ಒಡೆದಾಗ ವಾಸನೆ ಹುಟ್ಟುತ್ತದೆ. ಅದು ಬಟ್ಟೆಗೆ ಸೇರಿದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ನೂಲಿನ ಗುಣ.

ಹತ್ತಿ ನೀರನ್ನು ಪ್ರೀತಿಸುತ್ತದೆ. 100 ಗ್ರಾಂ ಒಣ ಹತ್ತಿ ಸಾಧಾರಣ ಹವೆಯಲ್ಲಿ ಸುಮಾರು 8 ಗ್ರಾಂ ತೇವ ಹೀರುತ್ತದೆ. ಉಣ್ಣೆ ಸುಮಾರು 16 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರದು. ಆದರೆ ಜಿಡ್ಡನ್ನು ಮಾತ್ರ ಬಿಡದೆ ಹಿಡಿಯುತ್ತದೆ. ವಾಸನೆಯ ಅಂಶಗಳು ಅದರ ಮೇಲೆ ನಿಂತು ಬೇಗ ಗಾಳಿಗೆ ಬರುತ್ತವೆ. ಒಗೆದರೂ ಅಷ್ಟಿಷ್ಟು ಉಳಿಯುತ್ತವೆ. ಹತ್ತಿಯಿಂದ ಅವು ನೀರಿನೊಂದಿಗೆ ಸುಲಭವಾಗಿ ಹೋಗುತ್ತವೆ.

ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 26 ಮಂದಿ ಸೈಕಲ್ ವ್ಯಾಯಾಮ ಮಾಡಿ ಬೆವರಿಸಿದ ಅಂಗಿಗಳನ್ನು ಮರುದಿನ ಪರೀಕ್ಷಿಸಲಾಯಿತು. ಹತ್ತಿಗಿಂತ ಪಾಲಿಯೆಸ್ಟರ್ ಅಂಗಿಗಳ ವಾಸನೆಯೇ ಅಸಹ್ಯವಾಗಿತ್ತು. ಮೈಕ್ರೋಕಾಕಸ್ ಎಂಬ ಬ್ಯಾಕ್ಟೀರಿಯಾ ಪಾಲಿಯೆಸ್ಟರಿನಲ್ಲಿ ಚೆನ್ನಾಗಿ ಬೆಳೆದಿತ್ತು.

ಉಣ್ಣೆಯದು ಬೇರೆಯೇ ದಾರಿ. ಅದು ವಾಸನೆಯನ್ನು ನೂಲಿನ ಒಳಗೇ ಬಂಧಿಸಿಡುತ್ತದೆ, ಹೊರಗೆ ಬಿಡುವುದು ಕಡಿಮೆ. ಆದ್ದರಿಂದ ನೀಲಗಿರಿಯ ಚಳಿಯಲ್ಲಿ ತೊಡುವ ಉಣ್ಣೆಯ ಸ್ವೆಟರನ್ನು ದಿನವೂ ಒಗೆಯಬೇಕಾಗಿಲ್ಲ. ಗಾಳಿಗೆ ಹಾಕಿದರೆ ಸಾಕು. ಕಾಸರಗೋಡಿನ ಸೆಕೆಗೆ ಹತ್ತಿಯೇ ಹಿತ.

ಶಾಲೆಯ ಸಮವಸ್ತ್ರ ಬಹುಮಟ್ಟಿಗೆ ಮಿಶ್ರ ನೂಲಿನದು. ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಇಷ್ಟನ್ನು ಮಾಡಬಹುದು:

* ಬೆವರಿದ ಅಂಗಿಯನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಬೇಡಿ. ಆ ಸಂಜೆಯೇ ಒಗೆಯಿರಿ, ಇಲ್ಲವೇ ಗಾಳಿಗೆ ಹರಡಿ.
* ಒಳಮಗ್ಗುಲು ಹೊರಗೆ ಮಾಡಿ, ಕಂಕುಳ ಭಾಗಕ್ಕೆ ಸೋಪು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ.
* ಬಟ್ಟೆ ಮೆದುವಾಗಿಸುವ ದ್ರಾವಣ ಪಾಲಿಯೆಸ್ಟರಿಗೆ ಬೇಡ. ಅದರ ಲೇಪ ಉಳಿಯುತ್ತದೆ.
* ಪೂರ್ತಿ ಒಣಗಿದ ಮೇಲೆಯೇ ಮಡಚಿ. ಮಳೆಗಾಲದಲ್ಲಿ ಫ್ಯಾನಿನ ಕೆಳಗಾದರೂ ಹರಡಿ.
* ಒಳಗೊಂದು ಹತ್ತಿಯ ಬನಿಯನ್ ಹಾಕಿಸಿ. ಬೆವರನ್ನು ಮೊದಲು ಅದು ಹೀರಲಿ.

ಒಂದೇ ಜೊತೆ ಸಮವಸ್ತ್ರದಲ್ಲಿ ವಾರ ಕಳೆಯುವ ಮಕ್ಕಳು ನಮ್ಮ ನೆರೆಕರೆಯಲ್ಲೇ ಇದ್ದಾರೆ. ಮೂಗು ಮುಚ್ಚಿ ಸರಿದು ಕೂರುವ ಬದಲು, ನಮ್ಮ ಮಕ್ಕಳಿಗೆ ಗಿಡ್ಡವಾದ ಒಳ್ಳೆಯ ಅಂಗಿಯನ್ನು ಅವರ ಮನೆಗೆ ಸದ್ದಿಲ್ಲದೆ ಮುಟ್ಟಿಸೋಣ.