ಖಳನ ಒಳದನಿ: ಕಾದಂಬರಿಯಿಂದ ತೆರೆಗೆ

ಅಮೆರಿಕದ ಲೇಖಕಿ ಸುಝನ್ ಕಾಲಿನ್ಸ್ ತರುಣ ಓದುಗರಿಗಾಗಿ ಬರೆದ ‘ದ ಹಂಗರ್ ಗೇಮ್ಸ್’ ಕಾದಂಬರಿತ್ರಯವು 2008ರಿಂದ 2010ರ ಅವಧಿಯಲ್ಲಿ ಪ್ರಕಟವಾಯಿತು. ಅದರ ಕಥೆ ನಡೆಯುವುದು ಪನೆಮ್ ಎಂಬ ಕಲ್ಪಿತ ರಾಷ್ಟ್ರದಲ್ಲಿ. ಹಿಂದೊಮ್ಮೆ ದಂಗೆಯೆದ್ದ ತಪ್ಪಿಗೆ ಅಲ್ಲಿನ 12 ಜಿಲ್ಲೆಗಳು ವರ್ಷಕ್ಕೊಮ್ಮೆ ತಲಾ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ರಾಜಧಾನಿಗೆ ಕಪ್ಪವಾಗಿ ಒಪ್ಪಿಸಬೇಕು; ಆ 24 ಮಕ್ಕಳು ಒಬ್ಬರೇ ಉಳಿಯುವ ತನಕ ಪರಸ್ಪರ ಕೊಲ್ಲಬೇಕು; ನಾಡೆಲ್ಲ ಅದನ್ನು ದೂರದರ್ಶನದಲ್ಲಿ ನೋಡಬೇಕು. ಈ ವ್ಯವಸ್ಥೆಯ ನೆತ್ತಿಯ ಮೇಲೆ ಕುಳಿತವನು ಮುದಿ ಅಧ್ಯಕ್ಷ ಕೊರಿಯೊಲೇನಸ್ ಸ್ನೋ. 2020ರಲ್ಲಿ ಕಾಲಿನ್ಸ್ ಕಥೆಯನ್ನು 64 ವರ್ಷ ಹಿಂದಕ್ಕೆ ಒಯ್ದು, ಅದೇ ಸ್ನೋ 18ರ ತರುಣನಾಗಿದ್ದ ಕಾಲವನ್ನು ‘ದ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್’ ಎಂಬ ಪೂರ್ವಕಥೆಯಾಗಿ ಬರೆದರು. ಫ್ರಾನ್ಸಿಸ್ ಲಾರೆನ್ಸ್ ನಿರ್ದೇಶಿಸಿದ ಚಲನಚಿತ್ರವು 2023ರ ನವೆಂಬರಿನಲ್ಲಿ ತೆರೆಕಂಡಿತು.

ಪೂರ್ವಕಥೆಯಲ್ಲಿ ಕೊನೆ ಮೊದಲೇ ಗೊತ್ತು. ಈ ತರುಣ ಕ್ರೂರಿಯಾಗುತ್ತಾನೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಉಳಿಯುವುದು ಹೇಗೆ ಎಂಬ ಪ್ರಶ್ನೆ ಮಾತ್ರ. ನಾಗಚಂದ್ರನ ರಾವಣನನ್ನು ಓದಿರುವ ಐಚ್ಛಿಕ ಕನ್ನಡ ವಿದ್ಯಾರ್ಥಿಗಳಿಗೆ ಈ ಕುತೂಹಲ ಹೊಸದಲ್ಲ. ಪರಸ್ತ್ರೀಯನ್ನು ಬಯಸೆನೆಂದು ವ್ರತ ತೊಟ್ಟವನ ಮನಸ್ಸು ಸೀತೆಯನ್ನು ಕಂಡು ಕದಡುವುದನ್ನು ಅಲ್ಲಿ ಕವಿ ಮರುಕದಿಂದ ನೋಡುತ್ತಾನೆ. ಕಾಲಿನ್ಸ್ ಅವರಲ್ಲಿ ಅಂಥ ಮರುಕ ಕಡಿಮೆ. ಅವರ ನಾಯಕ ಒಮ್ಮೆಲೇ ಜಾರುವುದಿಲ್ಲ. ಪ್ರತಿ ಹೆಜ್ಜೆಗೂ ತನಗೆ ತಾನೇ ಒಂದು ಸಮಜಾಯಿಷಿ ಹೇಳಿಕೊಂಡು ಇಳಿಯುತ್ತಾನೆ.

ತ್ರಯದ ನಿರೂಪಣೆ ನಾಯಕಿ ಕ್ಯಾಟ್ನಿಸ್‌ಳ ಉತ್ತಮ ಪುರುಷದಲ್ಲಿ, ವರ್ತಮಾನ ಕಾಲದಲ್ಲಿದೆ. ಪೂರ್ವಕಥೆ ಪ್ರಥಮ ಪುರುಷದಲ್ಲಿದ್ದರೂ ಸ್ನೋನ ಮನಸ್ಸಿನಾಚೆಗೆ ಒಂದಡಿಯನ್ನೂ ಇಡದು. ಹೆಸರಾಂತ ಮನೆತನ, ಒಳಗೆ ಹಸಿವು. ಕಾದಂಬರಿ ತೆರೆದುಕೊಳ್ಳುವುದೇ ಅವನು ಕುದಿಯುವ ನೀರಿಗೆ ಒಂದು ಹಿಡಿ ಎಲೆಕೋಸು ಹಾಕುವುದರೊಂದಿಗೆ. ಹತ್ತನೆಯ ಪಂದ್ಯಕ್ಕೆ ರಾಜಧಾನಿಯ ವಿದ್ಯಾರ್ಥಿಗಳನ್ನು ಮೊದಲ ಬಾರಿಗೆ ಮಾರ್ಗದರ್ಶಕರನ್ನಾಗಿ ನೇಮಿಸಿದಾಗ, ಅವನ ಪಾಲಿಗೆ ಬರುವವಳು ಹನ್ನೆರಡನೆಯ ಜಿಲ್ಲೆಯ ಹಾಡುಗಾರ್ತಿ ಲೂಸಿ ಗ್ರೇ. ಸಂದರ್ಶನದಲ್ಲಿ ಅವಳು ಹಾಡಿದಾಗ ಸಭೆ ಕರಗುತ್ತದೆ. ಸ್ನೋನನ್ನು ಕುಟುಕುವುದು ಬೇರೆಯೇ ಸಂಗತಿ: ಆ ಹಾಡು ಅವಳ ಹಳೆಯ ಪ್ರೇಮಿಯನ್ನು ಕುರಿತದ್ದು. ‘ನನ್ನವಳು’ ಎಂಬ ಅವನ ಮಾತಿನಲ್ಲಿ ಒಲವೆಷ್ಟು, ಒಡೆತನವೆಷ್ಟು ಎಂಬುದನ್ನು ಓದುಗ ಪುಟಪುಟದಲ್ಲೂ ಅಳೆಯಬಲ್ಲ.

ಪ್ರೇಕ್ಷಕರು ಪಂತ ಕಟ್ಟುವುದು, ಸ್ಪರ್ಧಿಗಳಿಗೆ ಉಡುಗೊರೆಯಾಗಿ ಆಹಾರ ಕಳುಹಿಸುವುದು—ಮುಂದೆ ಈ ಪಂದ್ಯವನ್ನು ಜನಪ್ರಿಯಗೊಳಿಸುವ ಉಪಾಯಗಳೆಲ್ಲ ಇದೇ ಜಾಣ ವಿದ್ಯಾರ್ಥಿಯ ಸಲಹೆಗಳು. ಅವುಗಳನ್ನು ಬರೆದುಕೊಡೆಂದು ಕೇಳುವವಳು ಪಂದ್ಯಗಳ ಮುಖ್ಯ ರೂವಾರಿ ಡಾಕ್ಟರ್ ವೊಲುಮ್ನಿಯಾ ಗಾಲ್. ಶೇಕ್ಸ್‌ಪಿಯರನ ‘ಕೊರಿಯೊಲೇನಸ್’ ನಾಟಕದಲ್ಲಿ ವೊಲುಮ್ನಿಯಾ ಎಂಬುದು ನಾಯಕನ ತಾಯಿಯ ಹೆಸರು. ಹೆತ್ತ ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡವನಿಗೆ ಕಾದಂಬರಿಗಾರ್ತಿ ಎಂಥ ತಾಯಿಯನ್ನು ಒದಗಿಸಿದ್ದಾರೆ!

ಚಲನಚಿತ್ರವು ಹಿನ್ನೆಲೆ ನಿರೂಪಣೆಯ ನೆರವಿನಿಂದ ಈ ಮನಸ್ಸನ್ನು ಓದಿಹೇಳುವ ಗೋಜಿಗೆ ಹೋಗಿಲ್ಲ. ಒಳಗಿನದನ್ನು ಹೊರಗೆ ತರಲು ಅದು ಘಟನೆಗಳ ಜಾಗವನ್ನೇ ಬದಲಿಸುತ್ತದೆ. ಯುದ್ಧಕಾಲದ ಬೀದಿಯಲ್ಲಿ ಹಸಿದವನೊಬ್ಬ ಹೆಣದ ಕಾಲನ್ನು ಕತ್ತರಿಸಿ ಒಯ್ಯುವುದು ಕಾದಂಬರಿಯಲ್ಲಿ ಸ್ನೋನ ನೆನಪು. ಚಿತ್ರದಲ್ಲಿ ಅದು ಆರಂಭದ ದೃಶ್ಯ. ಎಲೆಕೋಸಿನ ನಾಚಿಕೆಯ ಬದಲು ಎಳೆಯನ ಭಯ ಮುಂದೆ ಬಂದುದರಿಂದ, ಪ್ರೇಕ್ಷಕನ ಕನಿಕರ ಮೊದಲ ಕ್ಷಣದಲ್ಲೇ ಅವನ ಪಾಲಾಗುತ್ತದೆ. ಟಾಮ್ ಬ್ಲೈತ್‌ನ ಸುಂದರ ಮುಖವೂ ಆ ಕನಿಕರವನ್ನು ಬೆಳೆಸುತ್ತದೆ.

ಇಲ್ಲಿಯೇ ರೂಪಾಂತರದ ಅಪಾಯವಿರುವುದು. ಕೇಳಿದ ಮಾತನ್ನು ಹಾಗೆಯೇ ಮರುನುಡಿಯುವ ಹಕ್ಕಿಯೊಂದರ ಮೂಲಕ ಸ್ನೋ ಗೆಳೆಯ ಸೆಜಾನಸ್‌ನ ಗುಟ್ಟನ್ನು ಗಾಲ್‌ಗೆ ಮುಟ್ಟಿಸುತ್ತಾನೆ; ಸೆಜಾನಸ್ ಗಲ್ಲಿಗೇರುತ್ತಾನೆ. ಪುಸ್ತಕದ ಓದುಗನಿಗೆ ಸ್ನೋನ ದುಃಖದ ಜೊತೆಗೆ ಅವನ ಅಂಜಿಕೆ, ಸಮಜಾಯಿಷಿಗಳೂ ಕೇಳಿಸುತ್ತವೆ. ಪ್ರೇಕ್ಷಕನಿಗೆ ಕಾಣುವುದು ಕಣ್ಣೀರು. ಕಣ್ಣೀರಿಗೆ ಒಳಗುಟ್ಟಿಲ್ಲ. ದ್ರೋಹ ಬಗೆದವನನ್ನು ನತದೃಷ್ಟ ಪ್ರೇಮಿಯೆಂದು ನೋಡುವವನದು ಕೇವಲ ಅಜಾಗರೂಕತೆಯೆನ್ನಲಾಗದು. ಅವನಿಗೆ ದೊರೆತ ಸಾಕ್ಷ್ಯವೇ ಅರ್ಧ.

ಚಿತ್ರದ ಗಳಿಕೆಯೂ ಸಣ್ಣದಲ್ಲ. ಕಾಗದದ ಮೇಲೆ ಬರಿಯ ಪದ್ಯಗಳಾಗಿದ್ದ ಲೂಸಿ ಗ್ರೇಯ ಹಾಡುಗಳಿಗೆ ರೇಚಲ್ ಜೆಗ್ಲರ್ ಕಂಠ ಕೊಟ್ಟಿದ್ದಾರೆ. ಸ್ನೋನ ದೃಷ್ಟಿಯಲ್ಲೇ ಬಂದಿಯಾಗಿದ್ದವಳು ತೆರೆಯ ಮೇಲೆ ತನ್ನದೇ ಇರವನ್ನು ಪಡೆಯುತ್ತಾಳೆ.

ಕೊನೆಯಲ್ಲಿ ಇಬ್ಬರೂ ಓಡಿಹೋಗಿ ಕೆರೆಯ ಬಳಿಯ ಗುಡಿಸಲು ಸೇರುತ್ತಾರೆ. ಮೂವರನ್ನು ಕೊಂದದ್ದು ಸಾಕೆಂದು ಸ್ನೋ ಬಾಯಿತಪ್ಪಿ ಆಡುತ್ತಾನೆ. ಅವಳಿಗೆ ತಿಳಿದಿರುವುದು ಇಬ್ಬರ ಸಾವು. ಮೂರನೆಯವರು ಯಾರೆಂದು ಕೇಳಿದಾಗ ಕೊಟ್ಟ ಜಾಣ ಉತ್ತರ ಅವಳನ್ನು ನಂಬಿಸದು. ಗೆಡ್ಡೆ ಅಗೆಯಲು ಹೋದವಳು ಮರಳುವುದಿಲ್ಲ. ಸ್ನೋ ಬಂದೂಕು ಹಿಡಿದು ಕಾಡಿಗೆ ನುಗ್ಗುತ್ತಾನೆ. ವರ್ಡ್ಸ್‌ವರ್ತ್‌ನ ‘ಲೂಸಿ ಗ್ರೇ’ ಕವಿತೆಯಲ್ಲಿಯೂ ಹಿಮದಲ್ಲಿ ಕಳೆದುಹೋದ ಬಾಲೆಯ ಹೆಜ್ಜೆಗುರುತುಗಳು ಸೇತುವೆಯ ನಡುವೆಯೇ ನಿಂತುಹೋಗುತ್ತವೆ. ಸ್ನೋ ಎಂದರೆ ಹಿಮವೇ. ಇವಳು ಸತ್ತಳೋ ಪಾರಾದಳೋ, ಪುಸ್ತಕವೂ ಹೇಳದು, ಚಿತ್ರವೂ ಹೇಳದು. ಅದುವರೆಗೆ ನಾಯಕನ ಒಳದನಿಯನ್ನು ತಡೆಹಿಡಿದಿದ್ದ ಚಿತ್ರ ಮುಗಿಯುವಾಗ ಮಾತ್ರ ಒಂದು ದನಿಯನ್ನು ಕೇಳಿಸುತ್ತದೆ. ಅದು ತರುಣನದಲ್ಲ, ಹಿಂದಿನ ಚಿತ್ರಗಳಲ್ಲಿ ಮುದಿ ಸ್ನೋನಾಗಿ ನಟಿಸಿದ್ದ ಡೊನಾಲ್ಡ್ ಸದರ್ಲೆಂಡ್‌ರದು.