ಬಜೆ: ಗ್ರಂಥಿಗೆ ಅಂಗಡಿಯ ಪುರಾತನ ಸರಕು

ಯಳಂದೂರಿನ ಭತ್ತ, ಕಬ್ಬು. ಹನೂರಿನ ರಾಗಿ, ಮುಸುಕಿನ ಜೋಳ. ಕೊಳ್ಳೇಗಾಲದ ಮಾರುಕಟ್ಟೆಗೆ ಬರುವ ಅರಿಸಿನ, ಬಾಳೆ, ತೆಂಗು: ಇವೆಲ್ಲವೂ ಏಕದಳ ಸಸ್ಯಗಳು. ಈ ವಂಶದಿಂದ ಮೊಟ್ಟಮೊದಲು ಕವಲೊಡೆದ ಶಾಖೆಯ ಪ್ರತಿನಿಧಿಯಾದರೋ ಗ್ರಂಥಿಗೆ ಅಂಗಡಿಯಲ್ಲಿ ದೊರೆಯುವ ಬಜೆ. ಜೌಗು ನೆಲದ ಈ ಗಿಡವನ್ನು ಸಸ್ಯಶಾಸ್ತ್ರಜ್ಞರು ದೀರ್ಘಕಾಲ ಕೆಸುವಿನ ಕುಟುಂಬಕ್ಕೆ ಸೇರಿಸಿದ್ದರು. 1993ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನಗಳು, ಅದು ಉಳಿದೆಲ್ಲ ಏಕದಳ ಸಸ್ಯಗಳಿಂದ ಪ್ರತ್ಯೇಕವಾದ ಶಾಖೆಯೆಂದು ತೋರಿಸಿದವು.

ವರ್ಣತಂತುಗಳ ಎರಡು, ಮೂರು ಅಥವಾ ನಾಲ್ಕು ಗಣಗಳುಳ್ಳ ಬಗೆಗಳು ಬಜೆಯಲ್ಲಿವೆ. ಮೂರು ಗಣದ ಗಿಡವು ಬೀಜ ಕಟ್ಟದು. ನೆಲದೊಳಗಿನ ಕಾಂಡದ ತುಂಡುಗಳಿಂದಲೇ ಅದರ ವೃದ್ಧಿ. ತುಮಕೂರು ಜಿಲ್ಲೆಯ ಕೊರಟಗೆರೆ ಭಾಗದ ರೈತರು ಬಜೆಯನ್ನು ಭತ್ತದಂತೆ ನೀರು ನಿಲ್ಲುವ ಗದ್ದೆಯಲ್ಲಿ ಬೆಳೆಯುತ್ತಾರೆ.

ವ್ಯಾಪಾರದ ಪ್ರಶ್ನೆ ಇರುವುದು ಅದರ ಎಣ್ಣೆಯಲ್ಲಿ. ಬೀಟಾ ಅಸರೋನ್ ಎಂಬ ಅಂಶವು ಎರಡು ಗಣದ ಬಗೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಾಲ್ಕು ಗಣದ ಬಗೆಯಲ್ಲಿ ಅತ್ಯಧಿಕ. ಭಾರತದ ಬಜೆಯಲ್ಲಿಯೂ ಸಾಮಾನ್ಯವಾಗಿ ಹೆಚ್ಚು. ಜಮ್ಮುವಿನ ಬಜೆ ಎಣ್ಣೆಯನ್ನು ತಿನ್ನಿಸಿದ ಇಲಿಗಳ ಕರುಳಿನಲ್ಲಿ ಗಡ್ಡೆಗಳು ಕಾಣಿಸಿದ ನಂತರ, 1968ರಲ್ಲಿ ಅಮೆರಿಕವು ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು.

ಒಣಗಿದ ಮೇಲೆ ಎಲ್ಲ ಬಗೆಗಳೂ ನೋಟಕ್ಕೆ ಒಂದೇ. ತೂಕ, ಬಣ್ಣ, ವಾಸನೆಗಳಿಂದ ಅಸರೋನಿನ ಪ್ರಮಾಣ ತಿಳಿಯದು. ಆದುದರಿಂದ ವರ್ತಕರು ಬೆಳೆದ ಊರಿನ ಪ್ರಕಾರ ಲಾಟುಗಳನ್ನು ಬೇರೆಯಾಗಿರಿಸಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ವರದಿಯೊಡನೆ ಮಾರುವುದು ಕ್ಷೇಮ. ಔಷಧ ತಯಾರಕರೂ ವರದಿಯಿಲ್ಲದ ಸರಕನ್ನು ಕೊಳ್ಳಬಾರದು. ಹಸುಗೂಸುಗಳಿಗೆ ಬಜೆ ತೇಯ್ದು ನೆಕ್ಕಿಸುವ ರೂಢಿಯಿರುವ ನಾಡಿನಲ್ಲಿ ಈ ಎಚ್ಚರಿಕೆಯು ರಫ್ತಿನ ಸರಕಿಗಷ್ಟೇ ಸೀಮಿತವಾಗಬಾರದು.