ಮರಳಿನ ವಯಸ್ಸು ಕೇಳುವ ಬಗೆ

ಪೀಣ್ಯದ ಕಾರ್ಖಾನೆ ಶೆಡ್ಡಿಗೆ ಪಾಯ ತೆಗೆಯಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬೋರ್‌ವೆಲ್ ಕೊರೆಯಲಿ, ಮಣ್ಣು ಮುಗಿದ ಮೇಲೆ ಬಹುತೇಕ ಸಿಗುವುದು ಒಂದೇ ಜಾತಿಯ ಕಲ್ಲು. ಬೂದು, ಬಿಳಿ ಪಟ್ಟೆಗಳು ಅಂಕುಡೊಂಕಾಗಿ ಓಡಿರುವ ನೈಸ್. ಲಾಲ್‌ಬಾಗಿನ ಬಂಡೆಯೂ ಇದೇ ಕುಲದ್ದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಎಂದು ಅಲ್ಲಿನ ಫಲಕ ನೋಡಿದವರಿಗೆಲ್ಲ ಗೊತ್ತು.

ಶಿಲಾರಸ ತಣಿದು ಆದ ಕಲ್ಲಿಗೆ ಒಂದು ಹುಟ್ಟುದಿನ ಇರುತ್ತದೆ. ನದಿಯ, ಕಡಲಿನ ತಳದಲ್ಲಿ ಮರಳು, ಕೆಸರು ಕೂತು ಗಟ್ಟಿಯಾದ ಜಲಜ ಶಿಲೆಗೆ ಅದು ಸುಲಭವಾಗಿ ಸಿಗದು. ವೈಟ್‌ಫೀಲ್ಡಿನ ಆಚೆ ಹರಿಯುವ ದಕ್ಷಿಣ ಪಿನಾಕಿನಿ ಈ ಮಳೆಗಾಲದಲ್ಲಿ ದಡಕ್ಕೆ ತಂದು ಹಾಕಿದ ಮರಳನ್ನು ಪರೀಕ್ಷೆಗೆ ಕೊಟ್ಟರೆ, 250 ಕೋಟಿ ವರ್ಷ, ಅದಕ್ಕೂ ಹೆಚ್ಚು ಎಂಬ ಉತ್ತರವೇ ಬರುತ್ತದೆ. ಮರಳು ಹೇಳುವುದು ತಾನು ಉದುರಿ ಬಂದ ಬಂಡೆಯ ವಯಸ್ಸನ್ನು, ತಾನು ಇಲ್ಲಿ ಕೂತ ದಿನವನ್ನಲ್ಲ.

ಆದರೂ ಭೂವಿಜ್ಞಾನಿಗಳು ಆ ಮರಳನ್ನೇ ವಿಚಾರಿಸುತ್ತಾರೆ. ಅದರಲ್ಲಿ ಜಿರ್ಕಾನ್ ಎಂಬ ಖನಿಜ ಅಲ್ಲೊಂದು ಇಲ್ಲೊಂದು ಇರುತ್ತದೆ. ಬಲು ಗಟ್ಟಿ, ಬಲು ಹಠಮಾರಿ. ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಆಮೇಲೆ ಒಳಗೆ ಕಾಣುವ ಸೀಸವೆಲ್ಲ ಯುರೇನಿಯಂ ಕ್ಷಯಿಸಿ ಆದದ್ದೇ ಎಂದು ಲೆಕ್ಕ. ಯುರೇನಿಯಂ-238 ಅರ್ಧದಷ್ಟು ಕರಗಲು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಒಂದೇ ಕಣದೊಳಗೆ ಎರಡು ಗಡಿಯಾರ; ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ.

ಕೆಲಸ ಮಾತ್ರ ತಾಳ್ಮೆಯದು. ಕೆಲವು ಕಿಲೋ ಕಲ್ಲನ್ನು ಕುಟ್ಟಿ, ಜರಡಿ ಹಿಡಿದು, ನೀರು ಹರಿಯುವ ಅಲುಗಾಡುವ ಮೇಜಿನ ಮೇಲೆ ಮೊರದಲ್ಲಿ ಕೇರಿದಂತೆ ಹಗುರ ಬೆಣಚನ್ನು ಆಚೆ ಸರಿಸುತ್ತಾರೆ. ಕಬ್ಬಿಣದ ಅಂಶ ಅಯಸ್ಕಾಂತಕ್ಕೆ ಹೋಗುತ್ತದೆ. ಉಳಿದದ್ದನ್ನು ಭಾರದ ದ್ರವಕ್ಕೆ ಸುರಿದರೆ ಜಿರ್ಕಾನ್ ತಳಕ್ಕೆ ಇಳಿಯುತ್ತದೆ. ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ ಸೂಜಿಮೊನೆಯಿಂದ ಒಂದೊಂದೇ ಕಣ ಹೆಕ್ಕಿ, ಅಂಟಿನ ಬಿಲ್ಲೆಯಲ್ಲಿ ಕೂರಿಸಿ, ಅರ್ಧಕ್ಕೆ ತೇಯುತ್ತಾರೆ. ಎಲೆಕ್ಟ್ರಾನ್ ಕಿರಣ ಬಿದ್ದಾಗ ಒಳಗಿನ ಪದರಗಳು ಕಾಣುತ್ತವೆ: ನಡುವೆ ಹಳೆಯ ತಿರುಳು, ಸುತ್ತ ಆಮೇಲೆ ಬೆಳೆದ ಅಂಚು. ಕೂದಲೆಳೆಗಿಂತ ಕಿರಿದಾದ ಜಾಗಕ್ಕೆ ಅಯಾನುಗಳ ಧಾರೆ ಬಿಟ್ಟು ತಿರುಳಿಗೆ ಬೇರೆ, ಅಂಚಿಗೆ ಬೇರೆ ವಯಸ್ಸು ಓದಬಹುದು.

ಇಂಥ ನೂರಾರು ಕಣಗಳಲ್ಲಿ ಅತಿ ಕಿರಿಯದು ಯಾವುದೋ ಅದಕ್ಕಿಂತ ಮೊದಲು ಆ ಮರಳು ಕೂತಿರಲು ಸಾಧ್ಯವಿಲ್ಲ. ಇದು ಒಂದು ಗಡಿ. ಮುಂದೆ ಆ ಕಲ್ಲು ನೆಲದಾಳಕ್ಕೆ ಇಳಿದು ಕಾಯ್ದು ರೂಪಾಂತರವಾದಾಗ ಮೊನಜೈಟ್ ಎಂಬ ಇನ್ನೊಂದು ಖನಿಜ ಹೊಸದಾಗಿ ಬೆಳೆಯುತ್ತದೆ, ಜಿರ್ಕಾನಿಗೆ ಹೊಸ ಅಂಚು ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ಮೊದಲೇ ಮರಳು ಕೂತಿರಬೇಕು. ಇದು ಇನ್ನೊಂದು ಗಡಿ. ನಿಜವಾದ ದಿನ ಎರಡರ ನಡುವೆ ಎಲ್ಲೋ.

ಇದರ ಬೆಲೆ ಗೊತ್ತಾಗಬೇಕಾದರೆ ಹಳೆಯ ಮೈಸೂರಿನ ಜಗಳವೊಂದನ್ನು ನೆನೆಯಬೇಕು. ಧಾರವಾಡ ಶಿಲೆಗಳು ನೈಸಿನ ಮೇಲೆ ಕೂತಿವೆ, ಆದ್ದರಿಂದ ಕಿರಿಯವು ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ತಿಳಿದಿದ್ದರು. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಅದನ್ನು ತಿರುಗಿಸಿದರು: ನೈಸೇ ಆಮೇಲೆ ಒಳನುಗ್ಗಿದ್ದು, ಧಾರವಾಡವೇ ಹಿರಿಯದು. ಬರಿಗಣ್ಣಿಗೆ ಇಬ್ಬರಿಗೂ ಸಾಕ್ಷಿ ಸಿಗುತ್ತಿತ್ತು, ಹಾಗಾಗಿ ವಾದ ದಶಕಗಟ್ಟಲೆ ನಡೆಯಿತು. ಕೊನೆಗೆ ಭೂವಿಜ್ಞಾನಿಗಳಾದ ಸ್ವಾಮಿನಾಥ್ ಮತ್ತು ರಾಮಕೃಷ್ಣನ್ ಅವರು ನೈಸಿಗೆ ಹಿಂದಿನದನ್ನು ಸರಗೂರು, ಮುಂದಿನದನ್ನು ಧಾರವಾಡ ಎಂದು ಬೇರ್ಪಡಿಸಿದರು. ಅಂದರೆ ಫೂಟ್, ಸ್ಮೀತ್ ಇಬ್ಬರೂ ಅರ್ಧರ್ಧ ಸರಿ.

ಖನಿಜಗಳು ಆಮೇಲೆ ಈ ವಿಂಗಡಣೆಗೆ ಅಂಕಿ ಕೊಟ್ಟವು. ಸರಗೂರು ಗುಂಪಿನ ಜಲಜ ಶಿಲೆಗಳಲ್ಲಿ 358 ಕೋಟಿ ವರ್ಷದ ಜಿರ್ಕಾನ್ ಸಿಕ್ಕಿತು. ಅಂದರೆ ಲಾಲ್‌ಬಾಗ್ ಬಂಡೆಗೂ ಮುಂಚೆ ಇಲ್ಲಿ ಸವೆಯುವಷ್ಟು ನೆಲ ಇತ್ತು. ಆ ನೆಲದ ಬಂಡೆಗಳು ಹೋಗಿ, ಮರಳು ಉಳಿದಿದೆ ಎಂಬುದು ನನಗೆ ಈ ಶಾಸ್ತ್ರದ ಅತಿ ಸೊಗಸಿನ ಸುದ್ದಿ. ಬಾಬಾಬುಡನ್ ಗಿರಿಯಲ್ಲಿ ಅದೃಷ್ಟ ಒಲಿದಿತ್ತು. ಮುಳ್ಳಯ್ಯನಗಿರಿ ಕಡೆಯ ಕಬ್ಬಿಣದ ಪದರಗಳ ಬುಡದಲ್ಲಿ ಜ್ವಾಲಾಮುಖಿ ಬೂದಿ ಬಿದ್ದ ಪದರವಿದೆ. ಬೂದಿಯೊಳಗಿನ ಜಿರ್ಕಾನ್ ಬೂದಿಯ ಜತೆಗೇ ಹುಟ್ಟಿದ್ದು. ಹಾಗಾಗಿ 1997ರಲ್ಲಿ ಟ್ರೆಂಡಾಲ್ ಮತ್ತು ಸಂಗಡಿಗರಿಗೆ ಗಡಿಯಲ್ಲ, ದಿನಾಂಕವೇ ಸಿಕ್ಕಿತು: 272 ಕೋಟಿ ವರ್ಷ, 70 ಲಕ್ಷದಷ್ಟು ಆಚೀಚೆ.

ಎರಡನೆಯ ಗಡಿ ನೋಡಬೇಕಿದ್ದರೆ ಬೆಂಗಳೂರಿನ ದಕ್ಷಿಣಕ್ಕೆ ಹೋಗಬೇಕು. ಕನಕಪುರದ ಕಡೆಯ ಕಬ್ಬಾಳದುರ್ಗದ ಕ್ವಾರಿಯಲ್ಲಿ ಬೂದು ನೈಸ್ ಅಲ್ಲಲ್ಲೇ ಎಣ್ಣೆ ಜಿಡ್ಡಿನ ಹಸಿರುಗಪ್ಪು ಚಾರ್ನಕೈಟ್ ಆಗಿರುವುದು ಕಾಣುತ್ತದೆ. ಭೂವಿಜ್ಞಾನಿ ಪಿಚಮುತ್ತು ಅವರು 1960ರಲ್ಲಿ ಜಗತ್ತಿಗೆ ತೋರಿಸಿದ್ದು ಇದನ್ನೇ. ನೈಸನ್ನು ಹೀಗೆ ಬದಲಿಸಿದ ಕಾವು ಹತ್ತಿದ್ದು ಸುಮಾರು 250 ಕೋಟಿ ವರ್ಷದ ಹಿಂದೆ, ರಾಮನಗರದ ಗ್ರಾನೈಟ್ ಬೆಟ್ಟಗಳು ಹುಟ್ಟಿದ ಕಾಲದಲ್ಲೇ. ಬೂದಿಯ ಪದರ ಸಿಗದ ಕಡೆ ಗಡಿಗಳ ನಡುವಿನ ಅಂತರ ಹತ್ತಾರು ಕೋಟಿ ವರ್ಷ ಇರಬಹುದು. ಅದನ್ನು ಕಿರಿದು ಮಾಡಲು ಈಗ ಜೆನೋಟೈಮ್ ಎಂಬ ಖನಿಜ ಹುಡುಕುತ್ತಾರೆ. ಮರಳು ಕೂತು ಗಟ್ಟಿಯಾಗುವ ಹೊತ್ತಿಗೆ ಹಳೆಯ ಜಿರ್ಕಾನಿನ ಮೈಮೇಲೆ ಅದು ತೆಳ್ಳಗೆ ಬೆಳೆಯುತ್ತದೆ. ಎಷ್ಟೋ ಸಲ ಆ ಅಂಚು ಅಯಾನು ಧಾರೆಗಿಂತಲೂ ಕಿರಿದಾಗಿ, ಕಣ್ಣಿಗೆ ಕಂಡರೂ ಅಳತೆಗೆ ಸಿಗುವುದಿಲ್ಲ.